ಎಡಗೆನ್ನೆಯ ಬೆಳಕು

ನಮ್ಮ ಮನೆಯಲ್ಲಿ ಸ್ನಾನಕ್ಕೆ ಹೊರಟವರು ಮೊದಲು ಬಚ್ಚಲ ಬಾಗಿಲ ಅಡಿಯ ಸಂದಿಯನ್ನು ನೋಡಬೇಕಿತ್ತು. ಅಲ್ಲಿ ಕೆಂಪು ಬೆಳಕು ಕಂಡರೆ ಒಳಗೆ ಅಪ್ಪಯ್ಯ ಫೋಟೋ ತೊಳೆಯುತ್ತಿದ್ದಾನೆ ಎಂದು ಅರ್ಥ. ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡು ಅಡುಗೆಮನೆಗೆ ವಾಪಸು ಹೋಗಬೇಕು. ಶಿರಸಿ ಪೇಟೆಯ ಒಂದು ಓಣಿಯಲ್ಲಿ ಮುಂದೆ ಸ್ಟುಡಿಯೋ, ನಡುವೆ ಒಂದು ಕೋಣೆ, ಹಿಂದೆ ಅಡುಗೆಮನೆ, ಅದಕ್ಕೆ ತಾಗಿ ಬಚ್ಚಲು. ಮನೆ ಎಂದರೆ ಇಷ್ಟೇ. ಕತ್ತಲು ಕೋಣೆಗೆ ಬೇರೆ ಜಾಗವಿಲ್ಲದ್ದರಿಂದ ಬಚ್ಚಲ ಕಿಟಕಿಗೆ ಕಪ್ಪು ಕಾಗದ ಅಂಟಿಸಿ, ನೀರು ಕಾಯಿಸುವ ಹಂಡೆಯ ಪಕ್ಕದಲ್ಲಿ ಹಲಗೆ ಹೊಡೆದು, ಅದರ ಮೇಲೆ ಫೋಟೋ ದೊಡ್ಡದು ಮಾಡುವ ಯಂತ್ರವನ್ನೂ ತಟ್ಟೆಗಳನ್ನೂ ಅಪ್ಪಯ್ಯ ಇಟ್ಟಿದ್ದ. ಹಂಡೆಯ ಉರಿ ಆರದೆ ಅಪ್ಪಯ್ಯನ ಕೆಲಸ ಶುರುವಾಗುವ ಹಾಗಿಲ್ಲ, ಅಪ್ಪಯ್ಯನ ಕೆಲಸ ಮುಗಿಯದೆ ನಮ್ಮ ಸ್ನಾನ ಆಗುವ ಹಾಗಿಲ್ಲ. ಸೀಗೆಪುಡಿಗೆ ರಾಸಾಯನಿಕದ ಹುಳಿ ವಾಸನೆ ಬೆರೆತಿರುತ್ತಿತ್ತು. ಸೀಗೆಪುಡಿಯ ವಾಸನೆಯೇ ಹಾಗೆ ಎಂದು ನಾನು ಬಹಳ ವರ್ಷ ತಿಳಿದಿದ್ದೆ.

"ಎಷ್ಟೊತ್ತು ಇನ್ನೂ? ನೀರು ತಣ್ಣಗಾಗ್ತಾ ಇದ್ದು," ಎಂದು ಆಯಿ, ನನ್ನ ಅಮ್ಮ, ಹೊರಗಿನಿಂದ ಕೂಗುವಳು.

"ತಡಿಯೇ ಮಾರಾಯ್ತಿ, ಮದುಮಗಳ ಮೂಗು ಈಗಷ್ಟೇ ಬತ್ತಾ ಇದ್ದು."

"ಮೂಗು ಬಂದ್ಮೇಲೆ ಬಾಯಿ ಬಪ್ಪಲೆ ಮಧ್ಯಾಹ್ನ ಆಗ್ತನ?"

ಬಿಳಿ ಕಾಗದದಿಂದ ಮುಖವೊಂದು ಮೆಲ್ಲಗೆ ಎದ್ದುಬರುವುದನ್ನು ಕಂಡದ್ದೇ ನನ್ನ ಮೊದಲ ನೆನಪು ಎಂದು ಇಲ್ಲಿ ಬರೆಯಬೇಕು. ಕತ್ತಲು ಕೋಣೆಯ ಬಗ್ಗೆ ಬರೆಯುವವರೆಲ್ಲ ಹಾಗೆ ಬರೆಯುತ್ತಾರೆ. ನಾನೂ ಫೋಟೋ ತೆಗೆಯುವವಳಾದ ಮೇಲೆ ಒಂದೆರಡು ಕಡೆ ಹಾಗೆ ಹೇಳಿ ಚಪ್ಪಾಳೆ ಹೊಡೆಸಿಕೊಂಡಿದ್ದೇನೆ. ಆದರೆ ಮುಖಗಳು ಮೂಡುವುದನ್ನು ನೋಡುತ್ತಿದ್ದವನು ಅಪ್ಪಯ್ಯ. ನಾನು ನೋಡುತ್ತಿದ್ದದ್ದು ಬಾಗಿಲ ಸಂದಿಯನ್ನು. ನಿಜವಾಗಿ ನೆನಪಿರುವುದು ತಣ್ಣಗಿನ ನೆಲ, ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟು ನಿಂತದ್ದು, ಮತ್ತು ಆ ಉದ್ದನೆಯ ಕೆಂಪು ಗೆರೆ. ಅಪ್ಪಯ್ಯ ಒಳಗೆ ಓಡಾಡಿದರೆ ಗೆರೆ ಎರಡು ಕಡೆ ತುಂಡಾಗುತ್ತಿತ್ತು. ಒಳಗೆ ಏನಾಗುತ್ತಿದೆ ಎಂಬುದನ್ನು ಆ ತುಂಡುಗಳಿಂದಲೇ ಊಹಿಸುತ್ತಿದ್ದೆ.

ನಾವು ಊಟ ಮಾಡುತ್ತಿದ್ದದ್ದು ನಡುಕೋಣೆಯಲ್ಲಿ. ಅಲ್ಲಿದ್ದ ಕಪಾಟಿನ ಬಾಗಿಲಿಗೆ ಉದ್ದನೆಯ ಗಾಜಿತ್ತು. ತೊಳೆದ ಫೋಟೋಗಳನ್ನು ಅಪ್ಪಯ್ಯ ಹಸಿಯಾಗಿಯೇ ಆ ಗಾಜಿಗೆ ಒತ್ತಿ ಅಂಟಿಸುತ್ತಿದ್ದ. ಒಣಗಿದ ಹಾಗೆ ಅವು ತಾವಾಗಿ ಬಿಟ್ಟುಕೊಂಡು ಟಪ್ಪೆಂದು ಬೀಳುತ್ತಿದ್ದವು, ಹೊಳಪು ಹೊತ್ತು. ನಾವು ಉಣ್ಣುತ್ತಿದ್ದ ಹೊತ್ತಿಗೇ ಬೀಳುವುದು ಹೆಚ್ಚು. ಸಿದ್ದಾಪುರದ ಮಾಸ್ತರರು, ಯಲ್ಲಾಪುರದ ಕಂಡಕ್ಟರು, ಬ್ಯಾಂಕಿನ ಪರೀಕ್ಷೆಗೆ ಅರ್ಜಿ ಹಾಕುವ ಹುಡುಗಿಯರು ನಮ್ಮ ಪಂಕ್ತಿಯ ನಡುವೆ ಒಬ್ಬೊಬ್ಬರಾಗಿ ಇಳಿಯುತ್ತಿದ್ದರು. ಒಮ್ಮೆ ಯಾರೋ ಮೀಸೆಯವರು ನೇರವಾಗಿ ಅಪ್ಪಯ್ಯನ ತಂಬುಳಿಯೊಳಗೇ ಬಿದ್ದರು. ಅಪ್ಪಯ್ಯ ಅವರನ್ನು ಎರಡು ಬೆರಳಲ್ಲಿ ಎತ್ತಿ, ಜಾಡಿಸಿ, ನೋಡಿದ.

"ಇವ್ರನ್ನ ಮತ್ತೆ ತೊಳೆಯವು."

"ತೊಳೆದ್ರಾತು. ಮೊದ್ಲು ಒಂದು ಎಲೆ ಹಾಕ್ತೆ," ಎಂದಳು ಆಯಿ. "ಬಂದವ್ಕೆ ಉಣ್ಣಲೆ ಕೊಡದ್ದೆ ಕಳಸಲಾಗ."

ಆಯಿಯ ಕೆಲಸ ಏನಿತ್ತು ಎಂದು ಹೇಳಿದರೆ ಈಗಿನವರಿಗೆ ನಗು ಬರಬಹುದು. ಅವಳು ಪಂಚೆ ಹಿಡಿಯುತ್ತಿದ್ದಳು. ಹೊರಗೆ ಗ್ರೂಪ್ ಫೋಟೋ ತೆಗೆಯುವಾಗ ಅಪ್ಪಯ್ಯ ಬಿಸಿಲು ಎಲ್ಲರ ಬಲಗೆನ್ನೆಗೆ ಬೀಳುವಂತೆ ನಿಲ್ಲಿಸುತ್ತಿದ್ದ. ಆಗ ಎಡಗೆನ್ನೆ ಕಪ್ಪಾಗುತ್ತದೆ. ಆ ಕಡೆಯಲ್ಲಿ, ಫೋಟೋದ ಅಂಚಿನಿಂದ ಚೂರು ಆಚೆಗೆ, ಆಯಿ ಬಿಳಿ ಪಂಚೆಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ನಿಲ್ಲುತ್ತಿದ್ದಳು. ಪಂಚೆಗೆ ಬಿದ್ದ ಬಿಸಿಲು ತಿರುಗಿ ಎಡಗೆನ್ನೆಗಳ ಮೇಲೆ ಹಾಯುತ್ತಿತ್ತು. ಮೂರು ತಾಲೂಕಿನ ಹಳೆಯ ಆಲ್ಬಮ್ಮುಗಳಲ್ಲಿ ಸೋಂದಾದ ಯಾರದೋ ಮದುಮಗನ ಎಡಗೆನ್ನೆ ತಿಳಿಯಾಗಿ ಕಂಡರೆ, ಅಲ್ಲಿ ನನ್ನ ಆಯಿ ನಿಂತಿದ್ದಳು ಎಂದು ನಾನು ಹೇಳಬಲ್ಲೆ. ಅವಳು ಮಾತ್ರ ಯಾವುದರಲ್ಲೂ ಇಲ್ಲ. ಅದು ಅಪ್ಪಯ್ಯನ ಮದುವೆಯ ಪಂಚೆ. ಅದರ ಬಗ್ಗೆ ಮನೆಯಲ್ಲಿ ಮುಗಿಯದ ಜಗಳವೊಂದಿತ್ತು. ಆಯಿ ಅದನ್ನು ಒಗೆದು ಗಂಜಿ ಹಾಕುತ್ತಿದ್ದಳು. ಹತ್ತು ಜನರ ಎದುರು ಮುದ್ದೆಯಾದ ಬಟ್ಟೆ ಹಿಡಿದು ನಿಲ್ಲಲು ಅವಳಿಂದ ಆಗುತ್ತಿರಲಿಲ್ಲ. ಅಪ್ಪಯ್ಯನಿಗೆ ಗಂಜಿ ಬೇಡ. ಗಂಜಿ ಹಾಕಿದ ಪಂಚೆ ಗಾಳಿಗೆ ಪಟಪಟ ಅನ್ನುತ್ತದೆ, ಆಗ ಜನ ಕ್ಯಾಮೆರಾ ಬಿಟ್ಟು ಪಂಚೆ ನೋಡುತ್ತಾರೆ.

"ಪಂಚೆ ನೋಡ್ತ್ವಿಲ್ಲೆ, ಯನ್ನ ನೋಡ್ತ," ಎಂದು ಆಯಿ ನಗುತ್ತಿದ್ದಳು. "ನಿಂಗಳ ಮುಖ ಎಷ್ಟೊತ್ತು ನೋಡ್ತ ಪಾಪ."

ಫೋಟೋದ ಬಗ್ಗೆ ಅಪ್ಪಯ್ಯನಿಗೆ ಇದ್ದದ್ದು ಒಂದೇ ನಿಯಮ: ಯಾರನ್ನೂ ಕತ್ತರಿಸಬಾರದು. ಪಾದ, ಮೊಣಕೈ, ತುರುಬಿನ ಹೂವು, ಎಲ್ಲ ಒಳಗೆ ಬರಬೇಕು. ಪಾದ ಕತ್ತರಿಸಿದರೆ ಅವರು ಮನೆಗೆ ಹೋಗುವುದು ಹೇಗೆ ಎಂದು ಕೇಳುತ್ತಿದ್ದ. ನನಗೋ ಕತ್ತರಿಸುವ ಹುಚ್ಚು. ಫೋಟೋ ಕಾಗದ ಬರುತ್ತಿದ್ದ ಡಬ್ಬಿಯ ರಟ್ಟಿನಲ್ಲಿ ಎರಡು ಮೂಲೆಗಳನ್ನು ಕತ್ತರಿಸಿಕೊಂಡಿದ್ದೆ. ಒಂದರ ಮೇಲೊಂದು ಇಟ್ಟರೆ ನಡುವೆ ಚೌಕ. ಸರಿಸಿದರೆ ಅಗಲ, ಒತ್ತಿದರೆ ಕಿರಿದು. ಅದನ್ನು ಕಣ್ಣಿಗೆ ಹಿಡಿದು ಮನೆ ತುಂಬ ತಿರುಗುತ್ತಿದ್ದೆ. ಕಾವಲಿಯ ಮೇಲೆ ತೆಳ್ಳೇವು ಎರೆಯುವ ಆಯಿಯ ಮಣಿಕಟ್ಟು ಮಾತ್ರ. ಸ್ಟುಡಿಯೋದ ಪರದೆಯಲ್ಲಿ ಬಣ್ಣದಿಂದ ಬರೆದ ಮೆಟ್ಟಿಲು ಮುಗಿದು ನಿಜವಾದ ಸಿಮೆಂಟು ನೆಲ ಶುರುವಾಗುವ ಗೆರೆ ಮಾತ್ರ. ಬಚ್ಚಲ ಕಟ್ಟೆಯ ಮೇಲಿನ ಚೊಂಬಿನ ಅರ್ಧ, ಅದರ ಪಕ್ಕ ಬೇಕಾದಷ್ಟು ಖಾಲಿ ಗೋಡೆ. ಬಾಳೆ ಎಲೆಯ ಮೇಲೆ ಆಯಿ ಉಪ್ಪಿಗೊಂದು ಜಾಗ, ಕೋಸಂಬರಿಗೊಂದು ಜಾಗ ಎಂದು ಬಡಿಸುತ್ತಿದ್ದದ್ದನ್ನು ನೋಡಿಯೇ ನಾನು ಸಂಯೋಜನೆ ಕಲಿತೆ ಎಂದು ಯಾರೋ ನನ್ನ ಬಗ್ಗೆ ಬರೆದಿದ್ದಾರೆ. ಚೆನ್ನಾಗಿದೆ. ಆದರೆ ಊಟದ ಹೊತ್ತಿಗೆ ನನಗೆ ಹಸಿವಾಗಿರುತ್ತಿತ್ತು. ಎಲೆಯನ್ನು ಹಾಗೆಲ್ಲ ನೋಡಿದ ನೆನಪಿಲ್ಲ.

ಒಂದು ದಿನ ಅಪ್ಪಯ್ಯ ನನ್ನ ಕೈಯಿಂದ ಆ ರಟ್ಟುಗಳನ್ನು ಇಸಿದುಕೊಂಡು, ನಾನು ಹಿಡಿದ ಹಾಗೆಯೇ ಹಿಡಿದು ನೋಡಿದ.

"ಇದೆಂತ ಪಟವೇ? ಅರ್ಧ ಚೊಂಬು! ಇನ್ನರ್ಧ ಎಲ್ಲಿಟ್ಟೆ?"

"ಅದು ಹೊರಗಿದ್ದು."

"ಹೊರಗಿದ್ದದ್ನ ನೋಡವು ಯಾರು?"

ಕಪಾಟಿನ ಮೇಲಿನ ಅರೆಯಲ್ಲಿ ಹಳೆಯ ಕ್ಯಾಮೆರಾ ಒಂದು ಮಲಗಿತ್ತು. ಅದರ ಶಟರು ಆಗಾಗ ಅಂಟಿಕೊಳ್ಳುತ್ತದೆ ಎಂದು ಅಪ್ಪಯ್ಯ ಅದನ್ನು ಬಿಟ್ಟು ಹೊಸದು ಕೊಂಡಿದ್ದ. ನಾನು ಅದನ್ನು ಕೇಳಿ ಕೇಳಿ ಅವನ ಕಿವಿ ಸವೆದಿತ್ತು. ಕೊನೆಗೆ ಅವನು ಷರತ್ತು ಹಾಕಿದ: ಒಂದು ಗ್ರೂಪ್ ಫೋಟೋ ಸರಿಯಾಗಿ ತೆಗೆದು ತೋರಿಸಬೇಕು. ಒಬ್ಬರನ್ನೂ ಕತ್ತರಿಸಬಾರದು. ಹಾಗೆ ತೆಗೆದರೆ ಆ ಕ್ಯಾಮೆರಾ ನನ್ನದು. ಆಗದಿದ್ದರೆ ಮತ್ತೆ ಅದರ ಸುದ್ದಿ ಎತ್ತಬಾರದು. ಗ್ರೂಪ್ ಫೋಟೋವನ್ನು ನನ್ನ ಕೈಗೆ ಯಾರೂ ಕೊಡುವುದಿಲ್ಲ ಎಂಬ ಧೈರ್ಯದಲ್ಲಿ ಹೇಳಿದ್ದಿರಬೇಕು. ಆಗ ನಾನು ಹೈಸ್ಕೂಲಿನಲ್ಲಿದ್ದೆ.

ಅಷ್ಟರಲ್ಲಿ ಊರಿಗೆಲ್ಲ ಕಣ್ಣುಬೇನೆ ಬಂತು. ಅಪ್ಪಯ್ಯನ ಎರಡೂ ಕಣ್ಣು ಕೆಂಪಾಗಿ ಊದಿ ರೆಪ್ಪೆ ಅಂಟಿಕೊಂಡಿತು. ನಿಲ್ಕುಂದದ ಒಂದು ಮನೆಯಲ್ಲಿ ಅಜ್ಜನಿಗೆ ಎಂಬತ್ತು ತುಂಬಿದ ಊಟಕ್ಕೆ ಹೋಗುವುದಾಗಿ ಮೊದಲೇ ಮಾತು ಕೊಟ್ಟಾಗಿತ್ತು. ಕಲರ್ ಬೇಡ, ಗೋಡೆಯ ಮೇಲಿನ ಹಿರಿಯರ ಫೋಟೋಗಳಿಗೆ ಹೊಂದುವಂತೆ ಕಪ್ಪು ಬಿಳುಪೇ ಬೇಕು ಎಂದು ಹೇಳಿದ್ದರು. ಹೆಣ್ಣುಮಕ್ಕಳು, ಅಳಿಯಂದಿರು, ಮೊಮ್ಮಕ್ಕಳು ಎಲ್ಲ ಸೇರುವುದು ಅದೊಂದೇ ದಿನ; ಸಂಜೆಯ ಬಸ್ಸಿಗೆ ಅರ್ಧ ಜನ ಹೊರಡುವವರು. ಅಪ್ಪಯ್ಯ ಕಪ್ಪು ಕನ್ನಡಕ ಹಾಕಿಕೊಂಡ, ಆಯಿ ಪಂಚೆ ಮಡಚಿಕೊಂಡಳು, ನಾನು ಕ್ಯಾಮೆರಾ ಚೀಲ ಹೊತ್ತೆ. ಸಿದ್ದಾಪುರದ ಬಸ್ಸಿನಲ್ಲಿ ನಮ್ಮ ಪಕ್ಕ ಯಾರೂ ಕೂರಲಿಲ್ಲ. ಮನೆಯ ಅಜ್ಜಿ ಅಪ್ಪಯ್ಯನನ್ನು ಅಂಗಳದ ತುದಿಯಲ್ಲೇ ತಡೆದಳು.

"ಏ, ಹತ್ರ ಬರಡ ಮಾರಾಯ! ಮನೆ ತುಂಬ ಮಕ್ಕ ಇದ್ದ. ನೀನು ಆ ಕೊಟ್ಟಿಗೆ ಹತ್ರ ನಿಂತ್ಕ."

"ಅಡ್ಡಿಲ್ಲೆ ಅಜ್ಜೀ. ಇವತ್ತು ಫೋಟೋ ಹೊಡೆಯದು ಮಗಳು."

"ಈ ಕೂಸನ?" ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಎಲ್ಲರ ತಲೆ ಬತ್ತನ?"

"ಪಾದನೂ ಬತ್ತು," ಎಂದೆ.

ಊಟವಾಯಿತು. ಆಯಿಗೂ ನನಗೂ ಪಂಕ್ತಿಯಲ್ಲೇ ಎಲೆ; ಅಪ್ಪಯ್ಯನಿಗೆ ಜಗುಲಿಯ ತುದಿಯಲ್ಲಿ ಬೇರೆ. ಆಮೇಲೆ ಅಂಗಳದಲ್ಲಿ ಬೆಂಚು, ಕುರ್ಚಿ ಇಟ್ಟು ಅಜ್ಜ ಅಜ್ಜಿಯನ್ನು ನಡುವೆ ಕೂರಿಸಿದರು. ಮಕ್ಕಳು ಕೆಳಗೆ, ಉಳಿದವರು ಹಿಂದೆ. ಬಲತುದಿಯಲ್ಲಿ ದೊಡ್ಡ ಅಳಿಯ ಕೋಟು ತೊಟ್ಟು ನಿಂತರು. ಅವರ ಆಚೆಗೆ ಆಯಿ ಪಂಚೆ ಬಿಡಿಸಿದಳು. ಗಂಜಿ ಹಾಕಿದ್ದಳು ಎಂದು ಶಬ್ದದಿಂದಲೇ ಗೊತ್ತಾಯಿತು. ಅಪ್ಪಯ್ಯ ದೂರದಲ್ಲಿ, ನನ್ನ ಎಡಕ್ಕೆ, ಕೊಟ್ಟಿಗೆಯ ನೆರಳಲ್ಲಿ ನಿಂತು ಕುರುಡನ ಹಾಗೆ ಗಾಳಿಗೆ ಕೈ ಬೀಸುತ್ತ ಕೂಗತೊಡಗಿದ.

"ಪಾದ ಕಾಣ್ತಾ?"

"ಕಾಣ್ತು."

"ಕೊನೆಯವ್ರ ಮೊಣಕೈ?"

"ಕಾಣ್ತು."

"ಯಾರನ್ನೂ ಕತ್ತರಿಸಿದ್ದಿಲ್ಯಲಿ? ಸರಿ ನೋಡು ಕೂಸೇ."

ನೋಡಿದೆ. ಬಲ ಅಂಚಿನಲ್ಲಿ ಬಿಳಿ ಪಂಚೆಯ ಒಂದು ಮೂಲೆಯೂ ಅದನ್ನು ಹಿಡಿದ ಒಂದು ಕೈಯೂ ಇದ್ದವು. ಬಳೆಯ ಹತ್ತಿರ ತುಂಡಾಗಿ. ಮುಂದೆ ಹೋದರೆ ಮಕ್ಕಳ ಪಾದ ಹೋಗುತ್ತದೆ. ಎಡಕ್ಕೆ ತಿರುಗಿಸಿದರೆ ಅಳಿಯನ ಕೋಟು ಹೋಗುತ್ತದೆ. ಆಯಿಗೆ "ಆಚೆ ಹೋಗು" ಅಂದಿದ್ದರೆ ಸಾಕಿತ್ತು. ಅದನ್ನು ಯಾಕೆ ಅನ್ನಲಿಲ್ಲವೋ ಗೊತ್ತಿಲ್ಲ. ಕತ್ತರಿಸಬಾರದು ಎಂಬ ಒಂದೇ ಮಾತು ತಲೆಯಲ್ಲಿತ್ತು. ಹಿಂದೆ ಸರಿದೆ, ಇನ್ನೂ ಸರಿದೆ, ತುಳಸಿಕಟ್ಟೆ ಬೆನ್ನಿಗೆ ತಾಗುವವರೆಗೂ. ಆಗ ಆಯಿ ಕಾಲುಂಗುರದ ಸಮೇತ ಪೂರ್ತಿ ಒಳಗೆ ಬಂದಳು. ಇದನ್ನು ನಾನು ಒಂದು ಕಡೆ ಅಂತಃಪ್ರೇರಣೆ ಎಂದು ಹೇಳಿದ್ದೇನೆ, ಇನ್ನೊಂದು ಕಡೆ ಹೊರಗಿಟ್ಟವರನ್ನು ಒಳಗೆ ಕರೆದುಕೊಳ್ಳುವ ಪ್ರಯೋಗ ಎಂದು. ಈಗ ಎರಡನ್ನೂ ನಂಬುವುದಿಲ್ಲ. ನನಗೆ ಕಪಾಟಿನ ಮೇಲಿನ ಕ್ಯಾಮೆರಾ ಬೇಕಾಗಿತ್ತು, ಅಷ್ಟೇ.

"ಎಲ್ಲ ಇತ್ಲಾಗಿ ನೋಡಿ! ಉಸಿರು ಬಿಡಡಿ!" ಎಂದು ಅಪ್ಪಯ್ಯ ಎಂದಿನ ಗಂಟಲಲ್ಲಿ ಕೂಗಿದ. ಒತ್ತಿದೆ. ಮತ್ತೆರಡು ಸಲ ಒತ್ತಿದೆ. ಸಂಜೆಯ ಬಸ್ಸು ಬಂತು.

ಶಿರಸಿಗೆ ಬಂದ ಮೇಲೆ ಅಪ್ಪಯ್ಯನ ಕಣ್ಣು ವಾಸಿಯಾಗಿ ನನ್ನ ಕಣ್ಣು ಊದಿತು. ನಡುಕೋಣೆಯಲ್ಲಿ ಒದ್ದೆ ಬಟ್ಟೆ ಮುಖಕ್ಕೆ ಹಾಕಿಕೊಂಡು ಮಲಗಿದ್ದವಳಿಗೆ ಬಚ್ಚಲ ಬಾಗಿಲು ಹಾಕಿಕೊಂಡದ್ದು ಕೇಳಿಸಿತು. ಆಯಿ ಎರಡು ಸಲ ಟವೆಲ್ಲು ಹಿಡಿದು ಬಾಗಿಲ ತನಕ ಹೋಗಿ ಬಂದಳು. ಕೊನೆಗೆ ಅಪ್ಪಯ್ಯ ಒಳಗಿನಿಂದಲೇ ಕರೆದ.

"ಇಬ್ರೂ ಬನ್ನಿ ಇಲ್ಲಿ."

ಕೆಂಪು ಬೆಳಕಿನಲ್ಲಿ ಹಂಡೆಗೆ ಒರಗಿ ನಿಂತೆವು. ತೆಗೆದ ಮೂರರಲ್ಲಿ ಒಂದರಲ್ಲಿ ಮಗುವೊಂದು ಎದ್ದು ಓಡಿತ್ತು, ಒಂದರಲ್ಲಿ ಅಜ್ಜ ಕಣ್ಣು ಮುಚ್ಚಿದ್ದ. ಉಳಿದ ಒಂದನ್ನು ಅಪ್ಪಯ್ಯ ದೊಡ್ಡದು ಮಾಡಿ ತಟ್ಟೆಯ ನೀರಲ್ಲಿ ಬಿಟ್ಟಿದ್ದ. ಊದಿದ ಕಣ್ಣಿಗೂ ಬಲತುದಿಯ ದೊಡ್ಡ ಬಿಳಿ ಕಂಡಿತು.

"ಆನು ಯಾರನ್ನೂ ಕತ್ತರಿಸಲಾಗ ಹೇಳಿದ್ದಿ," ಎಂದ ಅಪ್ಪಯ್ಯ.

"ಕತ್ತರಿಸಿದ್ದಿಲ್ಲೆ."

"ಪಂಚೆ ಹಿಡಿದವ್ರನ್ನೂ ಸೇರ್ಸಿ ಹೇಳಿದ್ನನ ಆನು?"

"ಆಯಿ ಮನುಷ್ಯರಲ್ಲಿ ಸೇರಿದ್ದಿಲ್ಯ?"

ಆಯಿ ಹಂಡೆಯ ಕಡೆ ತಿರುಗಿ ನಗು ನುಂಗಿದಳು. ಅಪ್ಪಯ್ಯ ನನ್ನ ರಟ್ಟಿನ ಮೂಲೆಗಳನ್ನು ಅಷ್ಟು ಹೊತ್ತೂ ಕೈಯಲ್ಲೇ ಹಿಡಿದುಕೊಂಡಿದ್ದ. ಒಂದನ್ನು ಫೋಟೋದ ಬಲದಿಂದ ಮೆಲ್ಲಗೆ ಒಳಗೆ ಸರಿಸಿ ತೋರಿಸಿದ. ಆಯಿಯ ಮುಖ ಹೋಯಿತು, ಪಂಚೆ ಹೋಗತೊಡಗಿತು. ಆದರೆ ಗಾಳಿಗೆ ಎದ್ದ ಪಂಚೆಯ ತುದಿ ದೊಡ್ಡ ಅಳಿಯನ ತೋಳಿನ ಮೇಲೆ ಹಾದಿತ್ತು. ಪಂಚೆಯನ್ನು ಪೂರ್ತಿ ತೆಗೆಯಬೇಕಾದರೆ ಅಳಿಯನ ಮೊಣಕೈಯೂ ಹೋಗಬೇಕು. ಎಂಬತ್ತರ ಊಟದ ಫೋಟೋದಲ್ಲಿ ಅಳಿಯನ ಕೈ ಕತ್ತರಿಸಿಕೊಟ್ಟವನು ಮತ್ತೆ ನಿಲ್ಕುಂದದ ಬಸ್ಸು ಹತ್ತುವ ಹಾಗಿಲ್ಲ.

"ಗಂಜಿ," ಎಂದ ಅಪ್ಪಯ್ಯ ಆಯಿಯನ್ನು ನೋಡಿ.

ಆಯಿ ತಟ್ಟೆಯ ಮೇಲೆ ಬಗ್ಗಿ ತನ್ನನ್ನು ತಾನು ನೋಡುತ್ತಿದ್ದಳು. ಅಪ್ಪಯ್ಯ ಮತ್ತೆ ಫೋಟೋ ನೋಡಿದ. ಈ ಸಲ ಅವನ ಬೆರಳು ಒಂದು ಮುಖದಿಂದ ಇನ್ನೊಂದು ಮುಖಕ್ಕೆ ಹೋಯಿತು.

"ಇಲ್ನೋಡು. ಎಲ್ಲರೂ ಯನ್ನ ನೋಡ್ತಾ ಇದ್ದ."

ಹೌದು. ಅಜ್ಜ, ಅಜ್ಜಿ, ಕೋಟಿನ ಅಳಿಯ, ಕೆಳಗೆ ಕೂತ ಮಕ್ಕಳು, ಪ್ರತಿಯೊಬ್ಬರ ಕಣ್ಣೂ ಎಡಕ್ಕೆ, ಫೋಟೋದಲ್ಲಿಲ್ಲದ ಕೊಟ್ಟಿಗೆಯ ಕಡೆಗಿತ್ತು. ಅಪ್ಪಯ್ಯ ಕೂಗಿದ ಕಡೆಗೆ ನೋಡಿದ್ದರು. ನನ್ನ ಕೈಯಲ್ಲಿದ್ದ ಕ್ಯಾಮೆರಾದ ಲೆಕ್ಕವನ್ನೇ ಯಾರೂ ಇಟ್ಟಿರಲಿಲ್ಲ. ತುದಿಯಲ್ಲಿ, ಇರಬಾರದ ಜಾಗದಲ್ಲಿ, ಆಯಿಯೊಬ್ಬಳು ಮಾತ್ರ ಪಂಚೆಯ ಮೇಲಿಂದ ನೇರವಾಗಿ ನನ್ನನ್ನು ನೋಡುತ್ತಿದ್ದಳು.

"ಮತ್ತೆಂತ?" ಎಂದಳು ಆಯಿ. "ಕ್ಯಾಮೆರಾ ಇದ್ದದ್ದು ಕೂಸಿನ ಕೈಲಿ. ನಿಂಗಳ ಕಪ್ಪು ಕನ್ನಡಕ ನೋಡಿ ಎಂತ ಆಗವು?"

ಕ್ಯಾಮೆರಾ ಕೈತಪ್ಪಿತು ಎಂದುಕೊಂಡೆ. ಬೇರೆ ದಾರಿಯಿಲ್ಲದೆ ಅಪ್ಪಯ್ಯ ಫೋಟೋವನ್ನು ಇದ್ದ ಹಾಗೆಯೇ ಚೌಕಟ್ಟು ಹಾಕಿಸಿ, ಬೈಗುಳ ಹಂಚಿಕೊಳ್ಳಲಿ ಎಂದು ನನ್ನನ್ನೂ ಕರೆದುಕೊಂಡು ನಿಲ್ಕುಂದಕ್ಕೆ ಹೊರಟ. ಅಜ್ಜಿ ಅದನ್ನು ಜಗುಲಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ತುದಿಗೆ ಬಟ್ಟೆ ಒಣಗಸ್ತಾ ಇಪ್ಪದು ಯಾರು?"

"ಯನ್ನ ಹೆಂಡ್ತಿ, ಅಜ್ಜೀ. ಬೆಳಕಿಗೆ ಹೇಳಿ ಪಂಚೆ ಹಿಡಿದಿತ್ತು..."

"ಅವತ್ತು ಯಮ್ಮನೆಲಿ ಊಟ ಮಾಡಿತ್ತ?"

"ಮಾಡಿತ್ತು."

"ಹಂಗಾರೆ ಇರ್ಲಿ. ಪಂಕ್ತಿಲಿ ಉಂಡವು ಪಟದಲ್ಲೂ ಇರವು." ಆಮೇಲೆ ಕಣ್ಣು ಕಿರಿದು ಮಾಡಿ, "ಅಲ್ದ, ಎಲ್ಲ ಎಂತಕ್ಕೆ ಕೊಟ್ಟಿಗೆ ನೋಡ್ತಾ ಇದ್ದ?"

"ಎಮ್ಮೆ ಬಿಚ್ಕಂಡಿತ್ತೇನ," ಎಂದ ಅಜ್ಜ, ಕುರ್ಚಿಯಿಂದ.

"ಅಲ್ಲಿ ಆನು ನಿಂತಿದ್ದಿ," ಎಂದ ಅಪ್ಪಯ್ಯ.

ಫೋಟೋ ಗೋಡೆಗೆ ಹೋಯಿತು. ಈಚೆಗೆ ಹೋದಾಗಲೂ ಅಲ್ಲೇ ಇತ್ತು. ಆ ಮನೆಯ ಮೊಮ್ಮಕ್ಕಳು ಆಯಿಯನ್ನು ಯಾವುದೋ ದೂರದ ಚಿಕ್ಕಮ್ಮ ಎಂದು ತಿಳಿದಿದ್ದಾರೆ. ಮುಂದೆ ಯಲ್ಲಾಪುರದ ಮದುವೆಮನೆಗಳಲ್ಲಿ, ಕೈಗೆ ಡಿಜಿಟಲ್ ಕ್ಯಾಮೆರಾ ಬಂದ ಮೇಲೂ, ನಾನು ಆ ಫೋಟೋವನ್ನು ಬೇಕೆಂದೇ ಮತ್ತೆ ತೆಗೆಯಲು ನೋಡಿದ್ದೇನೆ. ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿ ಕೂಗಿಸಿದೆ, ಒಬ್ಬರನ್ನು ಮಾತ್ರ ನನ್ನ ಕಡೆ ನೋಡಲು ಒಪ್ಪಿಸಿದೆ. ಎಲ್ಲವೂ ನಾಟಕದ ಹಾಗೆ ಬಂದವು. ಅವುಗಳಲ್ಲಿ ಒಂದನ್ನು ನೋಡಿ ಜನ ನನ್ನನ್ನು ಗುರುತಿಸಿದರು ಎಂಬುದು ಬೇರೆ ಮಾತು.

ನಿಲ್ಕುಂದದಿಂದ ಬಂದ ದಿನ ಅಪ್ಪಯ್ಯ ಚಪ್ಪಲಿ ಬಿಟ್ಟವನೇ ಕಪಾಟಿನ ಮೇಲಿನ ಅರೆಗೆ ಕೈ ಹಾಕಿದ.

"ಗ್ರೂಪ್ ಫೋಟೋ ಸರಿ ಆಯ್ದಿಲ್ಲೆ. ಆದ್ರೆ ಯಾರನ್ನೂ ಕತ್ತರಿಸಿದ್ದಿಲ್ಲೆ, ಅದಂತೂ ಖರೆ." ಕ್ಯಾಮೆರಾವನ್ನು ಉಟ್ಟ ಪಂಚೆಯ ತುದಿಯಿಂದ ಒರೆಸಿ ನನ್ನ ಕೈಗೆ ಕೊಟ್ಟ. "ಇದ್ರಲ್ಲಿ ಎಂತ ಬೇಕಾದ್ರೂ ಕತ್ತರಿಸು. ಗಿರಾಕಿ ಒಂದು ಬಿಟ್ಟು."

ಮರುದಿನವೇ ಹಿತ್ತಿಲಿಗೆ ಓಡಿದೆ. ಆಯಿ ಪಂಚೆಯನ್ನು ಹಗ್ಗದ ಮೇಲೆ ಹರಡುತ್ತಿದ್ದಳು. ಹಿಂದಿನಿಂದ ಬಿಸಿಲು. ನಾನು ಆಯಿಯನ್ನೆಲ್ಲ ಕತ್ತರಿಸಿ ಹಾಕಿದೆ: ತುಂಬ ಬಿಳಿ, ಅದರ ಮೇಲಂಚಿನಲ್ಲಿ ಅವಳ ನಾಲ್ಕು ಬೆರಳು. ಇಷ್ಟೇ. ಒತ್ತಿದೆ. ಶಟರು ಅಂಟಿಕೊಂಡಿತು, ಫಿಲ್ಮು ತೊಳೆದಾಗ ಅಲ್ಲಿ ಏನೂ ಇರಲಿಲ್ಲ. ನನ್ನ ಅತ್ಯುತ್ತಮ ಫೋಟೋ ಅದೇ ಎಂದು ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ. ಆಯಿಗೆ ಮಾತ್ರ ಸಮಾಧಾನವಾಗಲಿಲ್ಲ.

"ಯನ್ನ ಪಟ ಬಂತನೇ?"

"ಬಂದಿದ್ದಿಲ್ಲೆ ಆಯೀ."

"ಹಂಗಾರೆ ಮತ್ತೊಂದ್ಸಲ ಹೊಡಿ. ತಡಿ, ಸೆರಗು ಸರಿ ಮಾಡ್ಕತ್ತೆ."

ಅವಳು ಸೀರೆ ಬದಲಿಸಿದಳು, ಹೂ ಮುಡಿದಳು, ಪಂಚೆಯನ್ನು ಮಡಚಿ ಕಲ್ಲಿನ ಮೇಲಿಟ್ಟು, ಬಿಸಿಲಿಗೆ ಬಲಗೆನ್ನೆ ಕೊಟ್ಟು ಹಿತ್ತಿಲ ನಡುವೆ ನಿಂತಳು. ಎಲ್ಲಿ ನಿಲ್ಲಬೇಕೆಂದು ಅವಳಿಗೆ ಹೇಳಬೇಕಾಗಿರಲಿಲ್ಲ. ಆ ಫೋಟೋ ಬಂತು. ತುರುಬಿನ ಹೂವು, ಮೊಣಕೈ, ಪಾದ, ಏನೂ ತುಂಡಾಗಿಲ್ಲ. ಅವಳು ಅದನ್ನೇ ಚೌಕಟ್ಟು ಹಾಕಿಸಿ ನಡುಕೋಣೆಯಲ್ಲಿ ತೂಗುಹಾಕಿದಳು. ಅದರಲ್ಲಿ ಎಡಗೆನ್ನೆ ಕಪ್ಪಾಗಿದೆ. ತೋರಿಸಿದಾಗ ಆಯಿ ಹತ್ತಿರ ಹೋಗಿ ನೋಡಿ, "ಅಡ್ಡಿಲ್ಲೆ ಬಿಡು," ಎಂದಳು, "ಆನು ಪಟದೊಳಗಿದ್ನಲೇ, ಮತ್ತೆ ಪಂಚೆ ಹಿಡಿಯವು ಯಾರು?"